ಅಜ್ಜನ ಮಳೆ ಲೆಕ್ಕ ತಪ್ಪಿದ್ದೆಲ್ಲಿ? ಬ್ರೇಕ್‌ಪಾಯಿಂಟ್ ಇಟ್ಟು ಸಿ ಪ್ರೋಗ್ರಾಂನ ದೋಷ ಹುಡುಕುವ ಬಗೆ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನ ಲೆಕ್ಕದಲ್ಲೇ ಹೇಳುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನನ್ನ ಅಪ್ಪ ದಿನಾ ಬೆಳಗ್ಗೆ ಅಂಗಳದ ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಬರೆಯುವುದರಲ್ಲಿ ಅವರದೊಂದು ಪದ್ಧತಿ ಇದೆ. ಏನೇ ಆದರೂ ಕಡಿಮೆ ಅಂದರೆ ಮೂರು ಅಂಕಿ ಇರಬೇಕು. ಒಂದೂಕಾಲು ಇಂಚು ಬಿದ್ದರೆ 125. ನಲವತ್ತು ಸೆಂಟಾದರೆ 040. ಮಳೆ ಇಲ್ಲದ ದಿನ 000. ಹೀಗೆ ಬರೆದರೆ ಸಾಲು ನೇರ ನಿಲ್ಲುತ್ತದೆ, ಕೂಡಲು ಸುಲಭ.

ಈಗಷ್ಟೇ ಸಿ ಕಲಿಯುತ್ತಿರುವ ಅಕ್ಕನ ಮಗಳು ಆ ನೋಟ್‌ಬುಕ್ಕನ್ನು ಕಂಪ್ಯೂಟರಿಗೆ ಹಾಕಲು ಹೊರಟಿದ್ದಳು. ಮೊದಲು ಒಂದು ವಾರದ ಲೆಕ್ಕ. ಏಪ್ರಿಲ್‌ನ ಏಳು ದಿನ, ಸೋಮವಾರದಿಂದ ಭಾನುವಾರದವರೆಗೆ: 125, 040, 012, 085, 000, 230, 064. ಅಜ್ಜ ಪುಟದ ಕೆಳಗೆ ಕೂಡಿ ಬರೆದಿದ್ದು 556, ಅಂದರೆ ಐದು ಇಂಚು 56 ಸೆಂಟು. ಪ್ರೋಗ್ರಾಂ ಕೊಟ್ಟ ಉತ್ತರ 482 ಸೆಂಟು, 101.6 ಮಿಲಿಮೀಟರ್.

ದಿನಕ್ಕೊಂದು ಸುತ್ತಿನಂತೆ ಅದೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಲೂಪ್ ಒಂದು ಸುತ್ತು ಕಡಿಮೆ ತಿರುಗುತ್ತಿರಬೇಕು ಎಂದು ಅವಳಿಗೆ ಅನಿಸಿತು. ಸುತ್ತು ಎಣಿಸುವ ವೇರಿಯಬಲ್ ಐ. ಐ < 7 ಇದ್ದದ್ದನ್ನು ಐ <= 7 ಮಾಡಿದಳು. ಉತ್ತರ 534ಕ್ಕೆ ಏರಿತು. 556ಕ್ಕೆ ಹತ್ತಿರ ಬಂತಲ್ಲ, ಸರಿದಾರಿಯಲ್ಲೇ ಇದ್ದೇನೆ ಎಂದುಕೊಂಡಳು. ನನಗೆ ಇಲ್ಲೇ ಕಳವಳ ಆಗಿದ್ದು. ಏಳು ಮನೆಗಳ ಅರೇಗೆ, ಅಂದರೆ ಸಂಖ್ಯೆಗಳನ್ನು ಸಾಲಾಗಿ ಇಡುವ ಜಾಗಕ್ಕೆ, ಎಂಟನೇ ಸಂಖ್ಯೆಯನ್ನು ತುರುಕಿದರೆ ಅದು ಹೊಸ ತಪ್ಪು. ಉತ್ತರ ಹತ್ತಿರ ಬಂದದ್ದು ಕಾಕತಾಳೀಯ. ಕಾರಣ ಗೊತ್ತಾಗುವ ಮೊದಲೇ ಕೋಡ್ ಬದಲಿಸಿದರೆ ಒಂದು ದೋಷದ ಮೇಲೆ ಇನ್ನೊಂದು ಕೂತು, ಯಾವುದರ ಪರಿಣಾಮ ಯಾವುದು ಎಂದು ಬಿಡಿಸಲು ಆಗುವುದಿಲ್ಲ. ಆ ಬದಲಾವಣೆಯನ್ನು ಮೊದಲು ವಾಪಸ್ ತೆಗೆಸಿದೆ. ಮತ್ತೆ 482 ಬಂತು. ಅಲ್ಲಿಂದ ಶುರು ಮಾಡಿದೆವು.

ಪ್ರೋಗ್ರಾಂ ಹೀಗಿದೆ

ಒಟ್ಟು 17 ಸಾಲು. ಮುಖ್ಯವಾದವು ಇಷ್ಟೇ. 5ನೇ ಸಾಲಿನಲ್ಲಿ ಮಳೆ ಎಂಬ ಏಳು ಪೂರ್ಣಾಂಕಗಳ ಅರೇ. 6ರಲ್ಲಿ ಐ, ಮತ್ತು 0ಯಿಂದ ಶುರುವಾಗುವ ಒಟ್ಟು. 9ರಲ್ಲಿ ಫಾರ್ ಲೂಪ್, 0ಯಿಂದ 6ರವರೆಗೆ. 10ರಲ್ಲಿ ಸ್ಕ್ಯಾನ್‌ಎಫ್, %ಐ ಬಳಸಿ ಮಳೆ[ಐ]ಗೆ ಓದಿಕೊಳ್ಳುತ್ತದೆ. 11ರಲ್ಲಿ ಅದನ್ನು ಒಟ್ಟಿಗೆ ಕೂಡುತ್ತದೆ. ಲೂಪ್ ಮುಗಿದ ಮೇಲೆ 14ರಲ್ಲಿ ಮಿಮೀ = ಒಟ್ಟು / 100 * 25.4. 15ರಲ್ಲಿ ಎರಡನ್ನೂ ಪ್ರಿಂಟ್ ಮಾಡುತ್ತದೆ. ಸಂಖ್ಯೆಗಳು ಒಂದು ಫೈಲಿನಲ್ಲಿವೆ, ಸಾಲಿಗೊಂದರಂತೆ.

ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಿ. ನಾವು ಬಳಸಿದ ಡೀಬಗ್ಗರ್, ಅಂದರೆ ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡಲು ಬಿಡುವ ಸಾಧನ, ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದದ್ದು, ಇವತ್ತಿಗೂ ಲಿನಕ್ಸ್‌ನಲ್ಲಿ ಸಿ ಕೆಲಸಕ್ಕೆ ಮೊದಲು ಕೈಗೆ ಸಿಗುವುದು ಅದೇ.

ಕಂಪೈಲ್ ಮಾಡುವಾಗ ಎರಡು ಫ್ಲಾಗ್ ಮರೆಯಬೇಡಿ. ಮೈನಸ್ ಜಿ ಕೊಟ್ಟರೆ ಸಾಲಿನ ನಂಬರ್, ವೇರಿಯಬಲ್ ಹೆಸರು ಎಲ್ಲ ಪ್ರೋಗ್ರಾಂ ಫೈಲಿನ ಒಳಗೆ ಸೇರುತ್ತವೆ. ಮೈನಸ್ ಓ ಸೊನ್ನೆ ಕೊಟ್ಟರೆ ಕಂಪೈಲರ್ ನಿಮ್ಮ ಸಾಲುಗಳನ್ನು ಹಿಂದೆಮುಂದೆ ಮಾಡದೆ ಬರೆದ ಹಾಗೇ ಬಿಡುತ್ತದೆ.

ನಿಲ್ಲಿಸಬೇಕಾದ ಜಾಗ

ಬ್ರೇಕ್‌ಪಾಯಿಂಟ್ ಅಂದರೆ ಪ್ರೋಗ್ರಾಂ ಓಡುತ್ತಾ ಬಂದು ನಿಲ್ಲಲಿ ಎಂದು ನಾವು ಇಡುವ ಗುರುತು. ಅದನ್ನು 10ನೇ ಸಾಲಿಗೆ ಇಡೋಣ ಅಂದಳು, ಓದುವ ಸಾಲು ಅದೇ ಅಲ್ವಾ ಎಂದು. ಹಾಗೆ ಇಟ್ಟರೆ ಮಳೆ[0]ಯಲ್ಲಿ 32767ನಂಥ ಏನೋ ಅರ್ಥವಿಲ್ಲದ ಸಂಖ್ಯೆ ಕಾಣಬಹುದು. ಕಾರಣ ಇಷ್ಟೇ: ಬ್ರೇಕ್‌ಪಾಯಿಂಟ್ ನಿಲ್ಲುವುದು ಆ ಸಾಲು ನಡೆಯುವ ಮೊದಲು. 10ರಲ್ಲಿ ನಿಂತಾಗ ಇನ್ನೂ ಏನನ್ನೂ ಓದಿಲ್ಲ.

ಯಾಕೆ ಹೀಗೆ ಎಂಬುದು ಅದು ಕೆಲಸ ಮಾಡುವ ಬಗೆ ನೋಡಿದರೆ ತಿಳಿಯುತ್ತದೆ. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ, ನೀವು ಹೇಳಿದ ಸಾಲಿನ ಮೊದಲ ಸೂಚನೆಯ ಮೊದಲ ಬೈಟನ್ನು ಡೀಬಗ್ಗರ್ ಎತ್ತಿಟ್ಟುಕೊಂಡು, ಆ ಜಾಗದಲ್ಲಿ 204 ಎಂಬ ಬೈಟ್ ಬರೆಯುತ್ತದೆ. ಪ್ರೊಸೆಸರ್‌ಗೆ ಅದರ ಅರ್ಥ ‘ಇಲ್ಲಿ ನಿಲ್ಲು’. ಓಡುತ್ತಾ ಅಲ್ಲಿಗೆ ಬಂದ ಕೂಡಲೇ ಲಿನಕ್ಸ್ ಕರ್ನಲ್ ಪ್ರೋಗ್ರಾಂ ತಡೆದು ಡೀಬಗ್ಗರ್‌ಗೆ ತಿಳಿಸುತ್ತದೆ. ನೀವು ಮುಂದೆ ಹೋಗು ಅಂದಾಗ ಹಳೇ ಬೈಟ್ ವಾಪಸ್ ಕೂರುತ್ತದೆ, ಆ ಸೂಚನೆ ನಡೆಯುತ್ತದೆ, ಮತ್ತೆ 204 ಬಂದು ಕೂರುತ್ತದೆ. ಒಂದೇ ಒಂದು ಬೈಟ್‌ನಲ್ಲಿ ಇಷ್ಟೆಲ್ಲ ನಡೆಯುತ್ತದೆ ಎನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಓದಿದ್ದು ಏನು ಎಂದು ನೋಡಬೇಕಾದರೆ ಹಾಗಾಗಿ 11ನೇ ಸಾಲಿನಲ್ಲಿ ನಿಲ್ಲಬೇಕು.

ಬ್ರೇಕ್ 11
ರನ್ < ಮಳೆ.ಟಿಎಕ್ಸ್‌ಟಿ

ಇದಕ್ಕೆ ಮೊದಲು ಅವಳ ಕೈಗೆ ಒಂದು ಹಾಳೆ ಕೊಟ್ಟೆ. ಪ್ರತಿ ಸಲ ನಿಂತಾಗ ಏನು ಕಾಣಬೇಕು ಎಂದು ಮೊದಲೇ ಬರೆದುಕೊ, ಆಮೇಲೆ ಪರದೆ ನೋಡು ಅಂದೆ. ಇದು ನಾನು ತುಂಬಾ ಒತ್ತಿ ಹೇಳುವ ಮಾತು. ಏನನ್ನು ನಿರೀಕ್ಷಿಸುತ್ತಿದ್ದೇವೆ ಎಂದು ಬರೆಯದೆ ಸುಮ್ನೆ ಸಂಖ್ಯೆ ನೋಡುತ್ತಾ ಹೋದರೆ, ತಪ್ಪು ಸಂಖ್ಯೆಯೂ ಸರಿ ಎಂದೇ ಕಾಣುತ್ತದೆ.

ಮೊದಲ ನಿಲುಗಡೆ. ಪ್ರಿಂಟ್ ಐ ಅಂದರೆ 0. ಪ್ರಿಂಟ್ ಮಳೆ[ಐ] ಅಂದರೆ 125. ಹಾಳೆಯಲ್ಲೂ 125. ಸರಿ. ಕಂಟಿನ್ಯೂ.

ಎರಡನೇ ನಿಲುಗಡೆ. ಐ ಈಗ 1. ಹಾಳೆಯಲ್ಲಿ 40. ಪರದೆಯಲ್ಲಿ 32.

“ಮಾವ, ಅಜ್ಜ 040 ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಫೈಲಲ್ಲೂ 040 ಇದೆ. ಇದ್ಯಾಕೆ 32 ಅಂತಿದೆ?”

“ಈಗಲೇ ಉತ್ತರ ಹುಡುಕಬೇಡ. ಇನ್ನೊಂದು ಸಲ ಕಂಟಿನ್ಯೂ ಕೊಡು.”

ಮೂರನೆಯದು 12 ಇರಬೇಕು, 10 ಬಂತು. ನಾಲ್ಕನೆಯದು 85 ಇರಬೇಕು, 0 ಬಂತು. ಐದನೆಯದು 0 ಇರಬೇಕು, 85 ಬಂತು. ಅವಳ ಪೆನ್ನು ನಿಂತುಬಿಟ್ಟಿತು. ಮೊದಲಿನ ಎರಡು ತಪ್ಪು ಒಂದು ರೀತಿ, ಆಮೇಲಿನ ಎರಡು ಇನ್ನೊಂದು ರೀತಿ. ಹಾಳೆಯಲ್ಲಿ ಅಕ್ಕಪಕ್ಕ ಬರೆದದ್ದರಿಂದ ಅದು ಕಣ್ಣಿಗೆ ಬಿತ್ತು.

ಕಾರಣ ಎಲ್ಲಕ್ಕೂ ಒಂದೇ. ಸ್ಕ್ಯಾನ್‌ಎಫ್‌ನಲ್ಲಿ %ಐ ಕೊಟ್ಟರೆ ಸಂಖ್ಯೆಯ ಮೊದಲ ಅಕ್ಷರಗಳನ್ನು ನೋಡಿ ಅದು ಯಾವ ಪದ್ಧತಿಯದು ಎಂದು ತಾನೇ ತೀರ್ಮಾನಿಸುತ್ತದೆ. ಸೊನ್ನೆಯಿಂದ ಶುರುವಾದರೆ ಆಕ್ಟಲ್, ಅಂದರೆ ಎಂಟರ ಪದ್ಧತಿ. ಅದರಲ್ಲಿ 040 ಎಂದರೆ ನಾಲ್ಕು ಎಂಟಲಿ 32. 012 ಎಂದರೆ ಒಂದು ಎಂಟು, ಎರಡು ಬಿಡಿ, ಒಟ್ಟು 10. ಇನ್ನು 085. ಎಂಟರ ಪದ್ಧತಿಯಲ್ಲಿ 0ಯಿಂದ 7ರವರೆಗೆ ಮಾತ್ರ ಅಂಕಿ. 8 ಎಂಬ ಅಂಕಿಯೇ ಇಲ್ಲ. ಸ್ಕ್ಯಾನ್‌ಎಫ್ ಮೊದಲ ಸೊನ್ನೆಯನ್ನು ತೆಗೆದುಕೊಂಡು, 8 ಕಂಡ ಕೂಡಲೇ ನಿಂತು, ಗುರುವಾರದ ಮಳೆ 0 ಎಂದು ಮುಗಿಸಿತು. ಉಳಿದ 85 ಅಲ್ಲೇ ಇತ್ತು. ಮುಂದಿನ ಸುತ್ತಿನಲ್ಲಿ ಅದು ಶುಕ್ರವಾರದ ಲೆಕ್ಕಕ್ಕೆ ಹೋಯಿತು. ಅಲ್ಲಿಂದ ಮುಂದೆ ಎಲ್ಲ ದಿನಗಳೂ ಒಂದೊಂದು ಜಾಗ ಜರುಗಿದವು. ಭಾನುವಾರದ 064 ಓದದೆ ಫೈಲಿನಲ್ಲೇ ಉಳಿಯಿತು.

ಲೂಪ್ ಒಂದು ಸುತ್ತು ಕಡಿಮೆ ಎಂದು ಅವಳಿಗೆ ಅನಿಸಿದ್ದು ಇದರಿಂದಲೇ. ಕೊನೆಯ ದಿನ ಬಿಟ್ಟುಹೋಗಿದ್ದು ನಿಜ. ಆದರೆ ತಪ್ಪು ಲೂಪ್‌ನದಲ್ಲ. <= ಮಾಡಿದಾಗ ಆ 064 ಎಂಟನೇ ಸುತ್ತಿನಲ್ಲಿ ಆಕ್ಟಲ್ ಆಗಿ 52 ಎಂದು ಓದಿಸಿಕೊಂಡಿತು. 482ಕ್ಕೆ 52 ಸೇರಿ 534. ಅರೇಯ ಹೊರಗಿನ ಜಾಗಕ್ಕೆ ಬರೆದರೆ ಏನಾಗುತ್ತದೆ ಎಂದು ಸಿ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಆ ದಿನ ಪ್ರೋಗ್ರಾಂ ಬೀಳಲಿಲ್ಲ ಅಷ್ಟೇ.

%ಐ ತೆಗೆದು %ಡಿ ಹಾಕಿದೆವು. %ಡಿ ಯಾವಾಗಲೂ ಹತ್ತರ ಪದ್ಧತಿಯಲ್ಲೇ ಓದುತ್ತದೆ, ಮುಂದೆ ಎಷ್ಟು ಸೊನ್ನೆ ಇದ್ದರೂ. ಮತ್ತೆ ಕಂಪೈಲ್, ಮತ್ತೆ ರನ್. ಒಟ್ಟು 556. ಅಜ್ಜನ ಲೆಕ್ಕಕ್ಕೆ ಸರಿಯಾಯಿತು.

ಒಂದು ಮಾತು ಗಮನಿಸಿ. 11ರಲ್ಲಿ ನಿಂತಾಗ ಪ್ರಿಂಟ್ ಒಟ್ಟು ಅಂದರೆ ಆ ದಿನದ ಮಳೆ ಇನ್ನೂ ಸೇರಿರುವುದಿಲ್ಲ. ನೆಕ್ಸ್ಟ್ ಕೊಟ್ಟು ಒಂದು ಸಾಲು ಮುಂದೆ ಹೋದ ಮೇಲೆ ಸೇರುತ್ತದೆ. ಪ್ರತಿ ಸಲ ಪ್ರಿಂಟ್ ಟೈಪ್ ಮಾಡುವುದು ಬೇಜಾರಾದರೆ ಡಿಸ್‌ಪ್ಲೇ ಮಳೆ[ಐ] ಎಂದು ಒಮ್ಮೆ ಹೇಳಿ. ನಿಂತಲ್ಲೆಲ್ಲ ತಾನೇ ತೋರಿಸುತ್ತದೆ.

ಎರಡನೇ ದೋಷ, ಇನ್ನೂ ಮೆತ್ತಗಿನದು

ಸೆಂಟು ಸರಿಯಾಯಿತು, ಮಿಲಿಮೀಟರ್ ಆಗಲಿಲ್ಲ. 556 ಸೆಂಟಿಗೆ 141.2 ಬರಬೇಕು, 127.0 ಬಂತು. ಈ ಸಲ ಅವಳೇ ಬ್ರೇಕ್ 15 ಎಂದು ಇಟ್ಟಳು, 14 ಮುಗಿದ ಮೇಲೆ ನಿಲ್ಲಲಿ ಎಂದು.

ಜಿಡಿಬಿಯ ಪ್ರಿಂಟ್ ಬರೀ ವೇರಿಯಬಲ್ ತೋರಿಸಲು ಮಾತ್ರ ಅಲ್ಲ, ಸಿ ಲೆಕ್ಕವನ್ನೇ ಮಾಡಿ ತೋರಿಸುತ್ತದೆ. ಆದ್ದರಿಂದ ಸಂಶಯ ಬಂದ ಸಾಲನ್ನು ತುಂಡು ಮಾಡಿ ಕೇಳಬಹುದು. ಪ್ರಿಂಟ್ ಒಟ್ಟು / 100 ಎಂದಾಗ 5 ಬಂತು. 5.56 ಅಲ್ಲ, ಬರೀ 5. ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಸಿ ಭಾಷೆಯಲ್ಲಿ ಉತ್ತರವೂ ಪೂರ್ಣಾಂಕವೇ, ಉಳಿದದ್ದು ಬಿದ್ದುಹೋಗುತ್ತದೆ. 56 ಸೆಂಟು ಅಲ್ಲೇ ಮಾಯ. ಆಮೇಲೆ 25.4ರಿಂದ ಗುಣಿಸಿ ಏನು ಪ್ರಯೋಜನ? ಪ್ರಿಂಟ್ ಒಟ್ಟು * 25.4 / 100 ಎಂದು ಕೇಳಿದೆವು. 141.22ರ ಆಸುಪಾಸು ಬಂತು. ಮೊದಲು ಗುಣಿಸಿದರೆ ಲೆಕ್ಕ ದಶಾಂಶದಲ್ಲೇ ಉಳಿಯುತ್ತದೆ. ಕೋಡ್ ಮುಟ್ಟದೆ, ನಿಂತ ಜಾಗದಲ್ಲೇ ಪರಿಹಾರವನ್ನು ಪರೀಕ್ಷೆ ಮಾಡಿ ನೋಡಿದ ಹಾಗಾಯಿತು.

ಅಲ್ಲೇ ಇನ್ನೂ ಒಂದು ಪರೀಕ್ಷೆ ಮಾಡಿಸಿದೆ. ಸೆಟ್ ವಾರ್ ಒಟ್ಟು = 85 ಎಂದು ಕೊಟ್ಟು ಹಳೇ ಲೆಕ್ಕವನ್ನು ಕೇಳು ಅಂದೆ. 0 ಬಂತು. 85 ಸೆಂಟು ಅಂದರೆ 21.59 ಮಿಲಿಮೀಟರ್ ಮಳೆ. ಹೂಮಳೆಗೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಗೆ, ಕಾಯುತ್ತಿರುವ ರೋಬಸ್ಟಾ ತೋಟದವರಿಗೆ ಆ ಸಂಖ್ಯೆ ಎಷ್ಟು ಮುಖ್ಯ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಇನ್ನು ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ ಎಂದು ತೀರ್ಮಾನ ಮಾಡುವುದೇ ಅದನ್ನು ನೋಡಿ. ಅಂಥ ದಿನ ಈ ಪ್ರೋಗ್ರಾಂ ‘ಮಳೆಯೇ ಇಲ್ಲ’ ಎನ್ನುತ್ತಿತ್ತು.

ಬ್ರೇಕ್‌ಪಾಯಿಂಟ್ ನಿಲ್ಲದೇ ಹೋದರೆ

ಕಲಿಯುವವರು ಇಲ್ಲಿ ಸೋತು ಕೈಬಿಡುವುದು ಜಾಸ್ತಿ. ಕಾರಣಗಳು ಸಾಮಾನ್ಯವಾಗಿ ನಾಲ್ಕೈದೇ.

ಸಿಂಬಲ್ ಟೇಬಲ್ ಇಲ್ಲ ಎಂಬ ಸಂದೇಶ ಬಂದರೆ ಮೈನಸ್ ಜಿ ಮರೆತಿದ್ದೀರಿ. ವೇರಿಯಬಲ್ ಕೇಳಿದಾಗ ‘ಆಪ್ಟಿಮೈಸ್ಡ್ ಔಟ್’ ಎಂದರೆ ಆಪ್ಟಿಮೈಸೇಷನ್ ಹಾಕಿ ಕಂಪೈಲ್ ಆಗಿದೆ. ಆ ವೇರಿಯಬಲ್‌ಗೆ ಆ ಜಾಗದಲ್ಲಿ ಬೆಲೆಯೇ ಉಳಿದಿಲ್ಲ. ಸೋರ್ಸ್ ಫೈಲ್ ಪ್ರೋಗ್ರಾಂಗಿಂತ ಹೊಸದು ಎಂಬ ಎಚ್ಚರಿಕೆ ಬಂದರೆ ಕೋಡ್ ತಿದ್ದಿ ಮತ್ತೆ ಕಂಪೈಲ್ ಮಾಡಿಲ್ಲ. ಪರದೆಯಲ್ಲಿ ಕಾಣುವ ಸಾಲು ಒಂದು, ಓಡುತ್ತಿರುವುದು ಇನ್ನೊಂದು. ಇದು ಅರ್ಧ ದಿನ ತಿನ್ನುತ್ತದೆ, ಆ ಎಚ್ಚರಿಕೆಯನ್ನು ಎಂದೂ ಕಡೆಗಣಿಸಬೇಡಿ. ಖಾಲಿ ಸಾಲಿಗೋ ಕಾಮೆಂಟಿಗೋ ಬ್ರೇಕ್‌ಪಾಯಿಂಟ್ ಇಟ್ಟರೆ ಅದು ಮುಂದಿನ ನಿಜವಾದ ಸಾಲಿಗೆ ಜರುಗುತ್ತದೆ. ಎಲ್ಲಿ ಕೂತಿದೆ ಎಂದು ಇನ್ಫೋ ಬ್ರೇಕ್‌ಪಾಯಿಂಟ್ಸ್ ಹೇಳುತ್ತದೆ. ಎಷ್ಟು ಸಲ ನಿಂತಿದೆ ಎಂಬ ಲೆಕ್ಕವೂ ಅಲ್ಲೇ ಸಿಗುತ್ತದೆ.

ಇನ್ನೊಂದು, ಫೈಲ್ ಕೊಡದೆ ಬರೀ ರನ್ ಎಂದರೆ ಪ್ರೋಗ್ರಾಂ ಕೀಬೋರ್ಡಿನಿಂದ ಸಂಖ್ಯೆ ಬರಲಿ ಎಂದು ಕಾಯುತ್ತಾ ಕೂರುತ್ತದೆ. ಡೀಬಗ್ಗರ್ ಕೆಟ್ಟುಹೋಯಿತು ಎಂದುಕೊಂಡು ವಿಂಡೋ ಮುಚ್ಚಬೇಡಿ. ಕಂಟ್ರೋಲ್ ಮತ್ತು ಸಿ ಒತ್ತಿ, ಬ್ಯಾಕ್‌ಟ್ರೇಸ್ ಎಂದು ಕೇಳಿ. ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂಬ ಪಟ್ಟಿ ಬರುತ್ತದೆ. ಮೇಲಿನ ಸಾಲುಗಳಲ್ಲಿ ಲೈಬ್ರರಿಯ ರೀಡ್, ಸ್ಕ್ಯಾನ್‌ಎಫ್, ಕೊನೆಯಲ್ಲಿ ನಿಮ್ಮ ಮೇನ್ ಕಾಣುತ್ತದೆ. ಎಲ್ಲಿ ಕಾಯುತ್ತಿದೆ ಎಂದು ಅಲ್ಲೇ ತಿಳಿಯಿತು.

ಪ್ರಿಂಟ್‌ಎಫ್ ಹಾಕಿ ನೋಡಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಣ್ಣದಕ್ಕೆ ಸಾಕು, ನಾನೂ ಹಾಕುತ್ತೇನೆ. ಆದರೆ ಹೊಸ ಪ್ರಶ್ನೆ ಹುಟ್ಟಿದಾಗಲೆಲ್ಲ ಕೋಡ್ ತಿದ್ದಬೇಕು, ಕಂಪೈಲ್ ಮಾಡಬೇಕು. ಔಟ್‌ಪುಟ್ ಫೈಲಿಗೆ ಹೋಗುತ್ತಿದ್ದು ಪ್ರೋಗ್ರಾಂ ನಡುವೆ ಬಿದ್ದರೆ, ಬರೆಯುವ ಮೊದಲು ಬಫರ್‌ನಲ್ಲಿ ಕೂಡಿಟ್ಟುಕೊಂಡಿದ್ದ ಸಾಲುಗಳು ಹೊರಗೆ ಬರುವುದೇ ಇಲ್ಲ. ಆಗ ದೋಷ ಇನ್ನೂ ಹಿಂದೆ ಇದೆ ಎಂದು ತಪ್ಪು ತಿಳಿಯುತ್ತೇವೆ.

ಏಳು ದಿನದಿಂದ 365ಕ್ಕೆ

ವಾರದ ಲೆಕ್ಕ ಸರಿಹೋದ ಮೇಲೆ ಅವಳು 2018ರ ಇಡೀ ನೋಟ್‌ಬುಕ್ ಟೈಪ್ ಮಾಡಿದಳು. ಆಗಸ್ಟ್ ಮಧ್ಯದಲ್ಲಿ ಗುಡ್ಡಗಳು ಕುಸಿದ ವರ್ಷ. ಆ ಪುಟಗಳಲ್ಲಿ ಶಾಯಿ ಹರಡಿದೆ, ಆದರೂ ಒಂದು ದಿನವೂ ತಪ್ಪದೆ ಬರೆದಿದ್ದಾರೆ. ಅರೇ 365 ಮಾಡಿದಳು, ಲೂಪ್ ಕೂಡ. 365 ಸಲ ಕಂಟಿನ್ಯೂ ಒತ್ತುವುದು ಯಾರಿಂದಲೂ ಆಗದು. ಇಲ್ಲಿ ಷರತ್ತಿನ ಬ್ರೇಕ್‌ಪಾಯಿಂಟ್ ಬೇಕು. ಆಗಸ್ಟ್ 16 ವರ್ಷದ 228ನೇ ದಿನ. ಅರೇ 0ಯಿಂದ ಶುರುವಾಗುವುದರಿಂದ ಐ 227.

ಬ್ರೇಕ್ 11 ಇಫ್ ಐ == 227

ಎರಡು ಸಮ ಚಿಹ್ನೆ ಇರಲೇಬೇಕು. ಒಂದೇ ಹಾಕಿದರೆ ಜಿಡಿಬಿ ಅದನ್ನು ಹೋಲಿಕೆ ಎಂದು ತಿಳಿಯುವುದಿಲ್ಲ, ಪ್ರೋಗ್ರಾಂನ ಐಗೆ 227 ಎಂಬ ಬೆಲೆಯನ್ನೇ ಬರೆದುಬಿಡುತ್ತದೆ. ಮೊದಲ ಸುತ್ತಿನಲ್ಲೇ ನಿಲ್ಲುತ್ತದೆ, ನಿಂತಾಗ ಐ 227 ಎಂದೇ ತೋರಿಸುತ್ತದೆ, ನೋಡಲು ಎಲ್ಲ ಸರಿ ಇದ್ದ ಹಾಗೇ ಇರುತ್ತದೆ. ಆದರೆ ನಡುವಿನ ದಿನಗಳನ್ನು ಓದಿಯೇ ಇಲ್ಲ.

ಬ್ರೇಕ್ 11 ಇಫ್ ಐ >= 365 ಎಂಬುದನ್ನೂ ಜೊತೆಗೆ ಇಡಿಸಿದೆ. ಇದು ಎಂದೂ ನಿಲ್ಲಬಾರದು. ನಿಂತರೆ ಅರೇ ದಾಟಿದೆ ಎಂದು ಅರ್ಥ. <= ಹಾಕಿದ ಮೊದಲ ದಿನವೇ ಇಂಥದ್ದೊಂದು ಇದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಒಂದು ವೇರಿಯಬಲ್ ಯಾರು ಬದಲಿಸುತ್ತಿದ್ದಾರೆ ಎಂದೇ ಗೊತ್ತಾಗದಿದ್ದರೆ ವಾಚ್ ಒಟ್ಟು ಎಂದು ಹೇಳಬಹುದು. ಬದಲಾದಾಗಲೆಲ್ಲ ನಿಂತು ಹಳೇ ಬೆಲೆ, ಹೊಸ ಬೆಲೆ ಎರಡನ್ನೂ ತೋರಿಸುತ್ತದೆ. ಇಂಟೆಲ್ ಪ್ರೊಸೆಸರ್‌ನಲ್ಲಿ ಇದಕ್ಕೆ ನಾಲ್ಕೇ ಜಾಗ, ಹೆಚ್ಚು ಇಟ್ಟರೆ ಪ್ರೋಗ್ರಾಂ ತುಂಬಾ ನಿಧಾನ ಆಗಬಹುದು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ. ಇಟ್ಟ ಬ್ರೇಕ್‌ಪಾಯಿಂಟ್‌ಗಳನ್ನು ಸೇವ್ ಬ್ರೇಕ್‌ಪಾಯಿಂಟ್ಸ್ ಎಂದು ಒಂದು ಫೈಲಿಗೆ ಬರೆದಿಡಿ. ಮತ್ತೆ ಶುರು ಮಾಡಿದಾಗ ಸೋರ್ಸ್ ಎಂದು ಆ ಫೈಲಿನ ಹೆಸರು ಕೊಟ್ಟರೆ ಎಲ್ಲವೂ ವಾಪಸ್.

ಇಷ್ಟೆಲ್ಲ ಆದ ಮೇಲೆ ತಿಂಗಳುವಾರು ಒಟ್ಟುಗಳನ್ನು ಅಜ್ಜನ ಒಟ್ಟುಗಳ ಜೊತೆ ಹೋಲಿಸಿದಳು. ಹನ್ನೊಂದು ತಿಂಗಳು ಸರಿ. ಜೂನ್‌ನಲ್ಲಿ ಮಾತ್ರ ಪ್ರೋಗ್ರಾಂ 60 ಸೆಂಟು ಕಡಿಮೆ ತೋರಿಸುತ್ತಿತ್ತು. ಸರಿಯಾಗಿ 60. ಅವಳು ನೋಟ್‌ಬುಕ್ ನೋಡುತ್ತಾ ಸ್ವಲ್ಪ ಹೊತ್ತು ಕೂತಳು. ಆಮೇಲೆ, “ಅಜ್ಜನ 7 ಮತ್ತು 1 ಒಂದೇ ತರ ಕಾಣುತ್ತೆ ಮಾವ. ಹತ್ತರ ಸ್ಥಾನದಲ್ಲಿ 7ರ ಬದಲು 1 ಹಾಕಿದ್ರೆ 60 ಕಡಿಮೆ ಆಗುತ್ತೆ,” ಅಂದಳು. ಷರತ್ತನ್ನು ಅವಳೇ ಬರೆದಳು. ಜೂನ್ ಅಂದರೆ ಐ 151ರಿಂದ 180. ಹತ್ತರ ಸ್ಥಾನದ ಅಂಕಿ ಬೇಕಾದರೆ 10ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 10ರಿಂದ ಭಾಗಿಸಿ ಶೇಷ ನೋಡಬೇಕು (ಶೇಷಕ್ಕೆ ಸಿ ಚಿಹ್ನೆ %). ಮೊದಲು ಕಾಡಿದ ಪೂರ್ಣಾಂಕದ ಭಾಗಾಕಾರ ಇಲ್ಲಿ ಕೆಲಸಕ್ಕೆ ಬಂತು.

ಬ್ರೇಕ್ 11 ಇಫ್ ಐ >= 151 && ಐ <= 180 && ಮಳೆ[ಐ] / 10 % 10 == 1

ಮೂರು ಸಲ ನಿಂತಿತು. ಮೊದಲ ಸಲ ಫೈಲೂ ಪುಟವೂ ಒಂದೇ. ಎರಡನೇ ಸಲ ಐ 166, ಅಂದರೆ ಜೂನ್ 16. ಪರದೆಯಲ್ಲಿ 214. ಅಜ್ಜನನ್ನು ಕರೆದು ಪುಟ ತೋರಿಸಿದಳು. ಅವರು ಕನ್ನಡಕ ಮೇಲೇರಿಸಿ ನೋಡಿ, “274 ಮಗಳೇ, ಅದು ಏಳು,” ಅಂದರು. ಮೂರನೆಯದೂ ಸರಿ ಇತ್ತು. ಫೈಲಿನಲ್ಲಿ ಆ ಒಂದು ಅಂಕಿ ತಿದ್ದಿ ಮತ್ತೆ ರನ್ ಕೊಟ್ಟಳು. ಜೂನ್ ಸರಿಯಾಯಿತು.